ಯಾವ ಭಂಡಾರದ ಮಾತು ಮೇಲು?

ಉಬುಂಟು 22.04 ಇರುವ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಎರಡು ಪ್ಯಾಕೇಜುಗಳು ಎದುರುಬದುರಾಗಿವೆ ಎನ್ನೋಣ. ಮೊಜಿಲ್ಲಾ ತನ್ನ ಭಂಡಾರದಲ್ಲಿ, ಅಂದರೆ ರೆಪೊಸಿಟರಿಯಲ್ಲಿ, ಇಟ್ಟಿರುವುದು 122ನೇ ಆವೃತ್ತಿ. ಉಬುಂಟುವಿನ ಭಂಡಾರದಲ್ಲಿರುವ ಪ್ಯಾಕೇಜಿನ ಸಂಖ್ಯೆ ‘1:1ಸ್ನ್ಯಾಪ್1’ ಎಂದು ಶುರುವಾಗುತ್ತದೆ. ಹೊಸದು ಯಾವುದು? ನಾವು ಮೊದಲನೆಯದು ಎನ್ನುತ್ತೇವೆ, ಕಂಪ್ಯೂಟರು ಎರಡನೆಯದು ಎನ್ನುತ್ತದೆ. ಅದರ ಲೆಕ್ಕದಲ್ಲಿ ತಪ್ಪೇನಿಲ್ಲ. ಡೆಬಿಯನ್ ವಂಶದ ಲಿನಕ್ಸ್‌ಗಳಲ್ಲಿ ಕೋಲನ್ ಚಿಹ್ನೆಗಿಂತ ಮುಂಚೆ ಬರುವ ಅಂಕಿಗೆ ‘ಎಪೊಕ್’ ಎಂದು ಹೆಸರು. ಹೋಲಿಕೆ ಅಲ್ಲಿಂದಲೇ ಆರಂಭ. ಎಪೊಕ್ ಬರೆಯದಿದ್ದರೆ ಅದು ಸೊನ್ನೆ. ಸೊನ್ನೆಗಿಂತ ಒಂದು ದೊಡ್ಡದು, ಅಲ್ಲಿಗೆ ತೀರ್ಮಾನವಾಯಿತು. ಮುಂದಿನ 122ನ್ನು ಯಾರೂ ಓದುವುದಿಲ್ಲ. ಗೆದ್ದ ಆ ಪ್ಯಾಕೇಜಿನೊಳಗೆ ಬ್ರೌಸರ್ ಇಲ್ಲವೇ ಇಲ್ಲ. ಫೈರ್‌ಫಾಕ್ಸನ್ನು ‘ಸ್ನ್ಯಾಪ್’ ಎಂಬ ಬೇರೆ ವ್ಯವಸ್ಥೆಯಿಂದ ತರಿಸುವುದಷ್ಟೇ ಅದರ ಕೆಲಸ.

ಆವೃತ್ತಿ ಸಂಖ್ಯೆಯೊಂದನ್ನೇ ನಂಬಿ ಪ್ಯಾಕೇಜ್ ಆರಿಸಿದರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆವೃತ್ತಿಯನ್ನು ಬರೆಯುವವರು ಪ್ಯಾಕೇಜ್ ಕಟ್ಟಿದವರು. ಯಾರ ಪ್ಯಾಕೇಜ್ ಬೇಕು ಎಂದು ಹೇಳಬೇಕಾದವರು ಯಂತ್ರದ ಒಡೆಯರು. ಆ ಮಾತು ಹೇಳಲು ಇರುವ ಸಾಧನವೇ ಭಂಡಾರಗಳ ಆದ್ಯತೆ.

ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ಈ ಕೆಲಸ ‘ಆಪ್ಟ್’ನದು. ಅದು ಪ್ರತಿ ಪ್ಯಾಕೇಜಿನ ಪ್ರತಿ ಆವೃತ್ತಿಗೂ ಒಂದು ಅಂಕ ಕೊಡುತ್ತದೆ. ಸಾಮಾನ್ಯ ಭಂಡಾರದಲ್ಲಿರುವುದಕ್ಕೆ 500. ‘ನನ್ನ ಯಂತ್ರಕ್ಕೆ ಈ ಬಿಡುಗಡೆಯೇ ಗುರಿ’ ಎಂದು ನಾವು ಹೆಸರಿಸಿದ್ದರೆ ಅದಕ್ಕೆ 990. ಈಗಾಗಲೇ ಯಂತ್ರದಲ್ಲಿ ಕೂತಿರುವ ಆವೃತ್ತಿಗೆ 100. ಹೆಚ್ಚು ಅಂಕ ಪಡೆದದ್ದು ಗೆಲ್ಲುತ್ತದೆ. ಅಂಕ ಸಮವಾದಾಗ ಮಾತ್ರ ಹೊಸ ಆವೃತ್ತಿ ಯಾವುದೆಂಬ ಪ್ರಶ್ನೆ ಬರುತ್ತದೆ. ಇವೆಲ್ಲಕ್ಕೂ ಮೇಲೆ ಒಂದು ಕಾವಲು ಇದೆ: ಇರುವುದಕ್ಕಿಂತ ಹಳೆಯ ಆವೃತ್ತಿಗೆ ಆಪ್ಟ್ ಇಳಿಯುವುದಿಲ್ಲ. ಅಂಕ 1000 ಮುಟ್ಟಿದರೆ ಮಾತ್ರ ಆ ಕಾವಲು ಸರಿಯುತ್ತದೆ.

ಇಷ್ಟು ಸಣ್ಣ ನಿಯಮಗಳಿಂದ ಎಷ್ಟು ನಾಜೂಕಾದ ವರ್ತನೆ ಹುಟ್ಟುತ್ತದೆ ಎಂಬುದನ್ನು ಡೆಬಿಯನ್ನಿನ ‘ಬ್ಯಾಕ್‌ಪೋರ್ಟ್ಸ್’ ಭಂಡಾರದಲ್ಲಿ ನೋಡಬೇಕು. ಸ್ಥಿರ ಬಿಡುಗಡೆ ಬಳಸುವವರಿಗಾಗಿಯೇ ಮರಳಿ ಕಟ್ಟಿದ ಹೊಸ ಆವೃತ್ತಿಗಳು ಅಲ್ಲಿರುತ್ತವೆ. ಆ ಭಂಡಾರದ ಅಂಕ 100. ಆದ್ದರಿಂದ ಸೇರಿಸಿಟ್ಟರೂ ತಾನಾಗಿ ಏನೂ ಬರುವುದಿಲ್ಲ. ಸ್ಥಿರ ಭಂಡಾರದ 500 ಅದನ್ನು ಹಿಂದಕ್ಕೆ ತಳ್ಳುತ್ತದೆ. ನೀವಾಗಿ ಕೇಳಿ ಒಂದು ಪ್ಯಾಕೇಜನ್ನು ಅಲ್ಲಿಂದ ತಂದುಕೊಂಡಿರಿ ಎನ್ನಿ. ಈಗ ಸ್ಥಿರ ಭಂಡಾರದ್ದು ಹಳೆಯದಾಯಿತು, 500 ಇದ್ದರೂ ಕಾವಲು ಬಿಡುವುದಿಲ್ಲ. ಉಳಿದದ್ದು ಯಂತ್ರದಲ್ಲಿರುವ ಆವೃತ್ತಿಯ 100 ಮತ್ತು ಬ್ಯಾಕ್‌ಪೋರ್ಟ್ಸ್‌ನ 100. ಅಂಕ ಸಮ, ಹಾಗಾಗಿ ಹೊಸದು ಗೆಲ್ಲುತ್ತದೆ. ಕೇಳಿ ತಂದ ಆ ಒಂದು ಪ್ಯಾಕೇಜಿಗೆ ಮಾತ್ರ ಅಲ್ಲಿಂದ ಅಪ್‌ಡೇಟ್‌ಗಳು ಬರುತ್ತಲೇ ಇರುತ್ತವೆ. ‘ಎಕ್ಸ್‌ಪೆರಿಮೆಂಟಲ್’ ಭಂಡಾರಕ್ಕಾದರೋ ಅಂಕ ಬರೀ 1. ಅಲ್ಲಿಂದ ತಂದದ್ದು 100 ಪಡೆದು ಕೂರುತ್ತದೆ, ಅಲ್ಲಿನ ಮುಂದಿನ ಆವೃತ್ತಿ ತಾನಾಗಿ ಒಳಬರುವುದಿಲ್ಲ. ಪ್ರಯೋಗದ ಸರಕು ಪ್ರತಿಸಲವೂ ಕೇಳಿಯೇ ಬರಬೇಕು. ಇದನ್ನು ಹೊಂದಿಸಿದವರ ವಿವೇಕಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಈ ಅಂಕಗಳನ್ನು ನಾವೇ ಬದಲಿಸುವುದಕ್ಕೆ ‘ಪಿನ್’ ಮಾಡುವುದು ಎನ್ನುತ್ತಾರೆ. ಸಣ್ಣ ಕಡತದಲ್ಲಿ ಮೂರು ಸಾಲು ಸಾಕು: ಯಾವ ಪ್ಯಾಕೇಜ್, ಯಾವ ಮೂಲ, ಎಷ್ಟು ಅಂಕ. ಮೊಜಿಲ್ಲಾ ಡೆಬಿಯನ್ ವಂಶದವರಿಗಾಗಿ ತನ್ನ ಭಂಡಾರ ತೆರೆದಾಗ ಅದಕ್ಕೆ 1000 ಅಂಕ ಕೊಡಿ ಎಂದೇ ಸೂಚನೆಯಲ್ಲಿ ಬರೆಯಿತು. ಕಾರಣ ಈಗ ಸ್ಪಷ್ಟ. ಉಬುಂಟುವಿನ ಎಪೊಕ್ ಇರುವ ಪ್ಯಾಕೇಜಿನಿಂದ 122ಕ್ಕೆ ಬರುವುದು ಆಪ್ಟ್‌ನ ಕಣ್ಣಿಗೆ ಇಳಿತ. 999 ಕೊಟ್ಟರೂ ಬಾಗಿಲು ತೆರೆಯದು. ಲಿನಕ್ಸ್ ಮಿಂಟ್ ಬೇರೆ ದಾರಿ ಹಿಡಿಯಿತು. ಉಬುಂಟುವನ್ನೇ ತಳಹದಿಯಾಗಿಟ್ಟುಕೊಂಡ ಅದು 2020ರಲ್ಲಿ ಬಂದ ತನ್ನ 20ನೇ ಬಿಡುಗಡೆಯಿಂದ ಸ್ನ್ಯಾಪ್ ವ್ಯವಸ್ಥೆಯ ಮೂಲ ಪ್ಯಾಕೇಜಿಗೆ –10 ಅಂಕ ಕೊಟ್ಟಿದೆ. ಅಂಕ ಋಣವಾದರೆ ಆ ಪ್ಯಾಕೇಜ್ ಬೇರೊಂದರ ಬೆನ್ನು ಹಿಡಿದೂ ಒಳಬರಲಾರದು.

ಉಳಿದ ಲಿನಕ್ಸ್ ಬಳಗಗಳಲ್ಲಿ ದಿಕ್ಕೇ ಬೇರೆ. ಫೆಡೋರಾದ ಡಿಎನ್‌ಎಫ್‌ನಲ್ಲೂ ಓಪನ್‌ಸೂಸೆಯ ಜಿಪ್ಪರ್‌ನಲ್ಲೂ ಪ್ರತಿ ಭಂಡಾರಕ್ಕೆ 99 ಎಂಬುದು ರೂಢಿಯ ಅಂಕ, ಮತ್ತು ಕಡಿಮೆ ಅಂಕದ್ದೇ ಬಲಶಾಲಿ. ಆರ್ಚ್‌ನ ಪ್ಯಾಕ್‌ಮನ್‌ನಲ್ಲಿ ಅಂಕವೇ ಇಲ್ಲ. ಸಂರಚನಾ ಕಡತದಲ್ಲಿ ಯಾವ ಭಂಡಾರದ ಹೆಸರು ಮೇಲಿದೆಯೋ ಅದರ ಮಾತು ನಡೆಯುತ್ತದೆ. ಒಂದು ಬಳಗದಿಂದ ಇನ್ನೊಂದಕ್ಕೆ ಹೋಗುವವರು ಈ ತಿರುವುಮುರುವನ್ನು ಮರೆಯಬಾರದು.

ಆದ್ಯತೆಯೇ ಇಲ್ಲದಿದ್ದರೆ? ಪೈಥಾನ್‌ನ ‘ಪಿಪ್’ ಅದಕ್ಕೆ ಉತ್ತರ. ಹೆಚ್ಚುವರಿ ಮೂಲವೊಂದನ್ನು ತೋರಿಸಿದರೆ ಪಿಪ್ ಎಲ್ಲ ಮೂಲಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಆವೃತ್ತಿ ಸಂಖ್ಯೆ ದೊಡ್ಡದಿರುವುದನ್ನು ಆರಿಸುತ್ತದೆ. ಪೈಟಾರ್ಚ್ ಯೋಜನೆ ತನ್ನ ‘ನೈಟ್ಲಿ’ ಬಿಡುಗಡೆಗಳಿಗೆ ಬೇಕಾದ ‘ಟಾರ್ಚ್‌ಟ್ರೈಟನ್’ ಎಂಬ ಪ್ಯಾಕೇಜನ್ನು ಸ್ವಂತ ಭಂಡಾರದಲ್ಲಿ ಇಟ್ಟುಕೊಂಡಿತ್ತು. 2022ರ ಡಿಸೆಂಬರಿನಲ್ಲಿ ಯಾರೋ ಅದೇ ಹೆಸರಿನ ಪ್ಯಾಕೇಜನ್ನು ಎಲ್ಲರಿಗೂ ತೆರೆದಿರುವ ಪೈಪಿಐ ಭಂಡಾರಕ್ಕೆ ಏರಿಸಿದರು. ಡಿಸೆಂಬರ್ 25ರಿಂದ 30ರ ನಡುವೆ ಪಿಪ್ ಮೂಲಕ ಲಿನಕ್ಸ್‌ನಲ್ಲಿ ನೈಟ್ಲಿ ಹಾಕಿಕೊಂಡವರಿಗೆ ಬಂದದ್ದು ಆ ನಕಲಿ. ಎಸ್‌ಎಸ್‌ಎಚ್ ಕೀಲಿಗಳಿರುವ ಕೋಶವನ್ನೂ ಓದಿ ಹೊರಗೆ ಕಳಿಸುವ ಶಕ್ತಿ ಅದಕ್ಕಿತ್ತು. ಯೋಜನೆಯವರು ಕೊನೆಗೆ ತಮ್ಮ ಪ್ಯಾಕೇಜಿನ ಹೆಸರನ್ನೇ ಬದಲಿಸಬೇಕಾಯಿತು.

ಆಪ್ಟ್ ಬಳಸುವವರು ಇದರಿಂದ ಪೂರ್ತಿ ಸುರಕ್ಷಿತರೆಂದಲ್ಲ. ಒಂದೇ ಒಂದು ತಂತ್ರಾಂಶಕ್ಕಾಗಿ ಹೊರಗಿನ ಭಂಡಾರ ಸೇರಿಸುತ್ತೇವೆ. ಅದಕ್ಕೂ ಸುಮ್ಮನೆ 500 ಅಂಕ ಸಿಗುತ್ತದೆ. ನಾಳೆ ಅಲ್ಲಿ ಮೂಲ ಲೈಬ್ರರಿಯೊಂದರ ದೊಡ್ಡ ಆವೃತ್ತಿ ಕಾಣಿಸಿಕೊಂಡರೆ ಅಧಿಕೃತ ಭಂಡಾರದ್ದನ್ನು ಅದು ಮೀರುತ್ತದೆ. ಪ್ಯಾಕೇಜ್ ಹಾಕುವಾಗ ಓಡುವ ಸ್ಕ್ರಿಪ್ಟುಗಳಿಗೆ ರೂಟ್ ಅಧಿಕಾರ ಇರುತ್ತದೆ. ಡಿಜಿಟಲ್ ಸಹಿ ಹೇಳುವುದು ಪ್ಯಾಕೇಜ್ ಆ ಭಂಡಾರದಿಂದಲೇ ಬಂದಿದೆ ಎಂದು ಮಾತ್ರ. ಅದು ನಿಮಗೆ ಬೇಕಿತ್ತೇ ಎಂದಲ್ಲ. ಪಿನ್ ಮಾಡುವುದರಿಂದ ಎಲ್ಲವೂ ಸರಿಹೋಗುವುದೂ ಇಲ್ಲ. ಅವಲಂಬನೆಗಳು ಬೇರೆ ಬೇರೆ ಬಿಡುಗಡೆಗಳಿಂದ ಬೆರೆತು ಕಟ್ಟಿಕೊಂಡ ಯಂತ್ರವನ್ನು ಡೆಬಿಯನ್ ಬಳಗದವರು ‘ಫ್ರಾಂಕೆನ್‌ಡೆಬಿಯನ್’ ಎಂದು ಕರೆಯುತ್ತಾರೆ, ಮತ್ತು ಅದನ್ನು ರಿಪೇರಿ ಮಾಡುವುದು ನಿಜವಾಗಿ ಕಷ್ಟ.

ಆದ್ದರಿಂದ ಹೊರಗಿನ ಭಂಡಾರ ಸೇರಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಆ ಭಂಡಾರದ ಎಲ್ಲ ಪ್ಯಾಕೇಜುಗಳಿಗೆ ಒಟ್ಟಾರೆ 100 ಕೊಡಿ, ನಿಮಗೆ ಬೇಕಾದ ಪ್ಯಾಕೇಜಿನ ಹೆಸರು ಹಿಡಿದು ಅದಕ್ಕೆ ಮಾತ್ರ 500 ಕೊಡಿ. ಹೆಸರು ಹಿಡಿದು ಬರೆದ ನಿಯಮವೇ ಸಾರಾಸಗಟು ನಿಯಮಕ್ಕಿಂತ ಮೇಲು. ಬರೆದಾದ ಮೇಲೆ ಟರ್ಮಿನಲ್‌ನಲ್ಲಿ ‘ಆಪ್ಟ್ ಪಾಲಿಸಿ’ ಎಂಬ ಆಜ್ಞೆಯ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟು ನೋಡಿ. ಈಗ ಯಾವ ಆವೃತ್ತಿ ಇದೆ, ಮುಂದೆ ಬರಲಿರುವುದು ಯಾವುದು, ಯಾವ ಭಂಡಾರಕ್ಕೆ ಎಷ್ಟು ಅಂಕ ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಅದಕ್ಕೆ ರೂಟ್ ಅಧಿಕಾರ ಬೇಕಿಲ್ಲ, ಅದು ಯಂತ್ರದಲ್ಲಿ ಏನನ್ನೂ ಬದಲಿಸುವುದೂ ಇಲ್ಲ.