‘ಸೇ’ ಮತ್ತು ‘ಟೆಲ್’: ಎರಡು ಆಂಗ್ಲ ಧಾತುಗಳ ಅರ್ಥವಿವೇಚನೆ

ಕನ್ನಡದ ‘ಹೇಳು’ ಧಾತುವೊಂದೇ ಆಂಗ್ಲದ ‘ಸೇ’, ‘ಟೆಲ್’ ಎಂಬೆರಡಕ್ಕೂ ಸಲ್ಲುವುದರಿಂದ ವಿದ್ಯಾರ್ಥಿಗಳು ‘ಹಿ ಸೆಡ್ ಮಿ’ ಎಂದು ತಪ್ಪುವುದುಂಟು. ‘ಸೇ’ ಎಂಬುದಕ್ಕೆ ಆಡಿದ ಮಾತೇ ಕರ್ಮ. ಕೇಳುವವನನ್ನು ಸೂಚಿಸಲು ‘ಟು’ ಬೇಕು. ಈ ದೃಷ್ಟಿಯಿಂದ ಅದು ನಮ್ಮ ‘ಎನ್ನು’ ಧಾತುವಿಗೆ ಹತ್ತಿರವಾದುದು. ‘ಟೆಲ್’ ಎಂಬುದಾದರೋ ಕೇಳುವವನನ್ನೇ ನೇರವಾಗಿ ಹಿಡಿಯುವುದು: ‘ಹಿ ಟೋಲ್ಡ್ ಮಿ’.

ಬೋಧಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುವರು. ಆದರೆ ಗಡಿಯಾರವನ್ನು ನೋಡಿ ವೇಳೆಯನ್ನರಿಯುವ ‘ಟೆಲ್ ದ ಟೈಮ್’ ಎಂಬಲ್ಲಿ ಕೇಳುವವನೇ ಇಲ್ಲವಷ್ಟೆ! ಇದಕ್ಕೆ ಸಮಾಧಾನವು ಶಬ್ದದ ಇತಿಹಾಸದಲ್ಲಿದೆ. ಪ್ರಾಚೀನ ಆಂಗ್ಲದ ‘ಟೆಲ್ಲನ್’ ಧಾತುವಿಗೆ ಎಣಿಸುವುದೆಂಬ ಅರ್ಥವಿದ್ದಿತು. ಅದರ ಜ್ಞಾತಿಯಾದ ಜರ್ಮನ್ ‘ತ್ಸೇಲೆನ್’ ಇಂದಿಗೂ ಎಣಿಕೆಯನ್ನೇ ಸೂಚಿಸುವುದು. ಬ್ಯಾಂಕಿನಲ್ಲಿ ಹಣವೆಣಿಸುವವನು ‘ಟೆಲ್ಲರ್’ ಎನಿಸಿಕೊಂಡುದೂ ಇದರಿಂದಲೇ. ಒಂದೊಂದಾಗಿ ಎಣಿಸಿ ಒಪ್ಪಿಸುವುದು ಕ್ರಮೇಣ ವೃತ್ತಾಂತವನ್ನು ನಿರೂಪಿಸುವುದಾಯಿತು. ಕನ್ನಡದ ‘ಎಣಿಸು’ ಆಲೋಚನೆಯ ಕಡೆಗೆ ಹೊರಳಿದರೆ, ಆಂಗ್ಲದ ಎಣಿಕೆಯು ಮಾತಿನ ಕಡೆಗೆ ಹೊರಳಿತು.