ನಮ್ಮ ಮನೆಯ ಅಂಬಾಸಿಡರಿಗೆ ಮರುಹುಟ್ಟು

ಯುವಮಿತ್ರರೇ, ಕೋಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಅಂಬಾಸಿಡರ್ ಕಾರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಳದಿ ಟ್ಯಾಕ್ಸಿಯ ರೂಪದಲ್ಲಿ ಅದನ್ನು ನೋಡಿಯೇ ಬೆಳೆದವರು ನೀವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ, ಹೂಗ್ಲಿ ಜಿಲ್ಲೆಯ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ ತಯಾರಿಸುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು.

ನನ್ನ ತಂದೆಯವರು ಊರು ಬಿಟ್ಟು ಇಲ್ಲಿ ನೆಲೆಸಿದ ಮೇಲೆ ಕೊಂಡ ಮೊದಲ ಕಾರು ಇದೇ. ನಾಲ್ಕು ಸಿಲಿಂಡರಿನ 1489 ಸಿ.ಸಿ. ಎಂಜಿನ್. ಕೆಲವು ವರ್ಷಗಳ ಹಿಂದೆ ಅದು ನೀಲಿ ಹೊಗೆ ಉಗುಳತೊಡಗಿತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ತಪಾಸಣೆ ಮಾಡಿಸಿ ನವೀಕರಿಸಬೇಕು. ಅದಕ್ಕೆ ಉಳಿದಿದ್ದುದು ಎರಡೇ ತಿಂಗಳು. "ಗುಜರಿಗೆ ಹಾಕಿ" ಎಂದರು ಸ್ನೇಹಿತರು. ತಂದೆಯವರು ಏನೂ ಹೇಳಲಿಲ್ಲ. ಆ ಮೌನವೇ ನನ್ನನ್ನು ಪಾನಾ ಹಿಡಿಯುವಂತೆ ಮಾಡಿತು.

ಮೊದಲು ಎಡವಿದ್ದು ನಾನೇ. ಸುಲಭವೆಂದು ಎಂಜಿನ್ನಿನ ಮೇಲ್ಭಾಗವನ್ನು ಮಾತ್ರ ಬಿಚ್ಚಿ, ವಾಲ್ವುಗಳನ್ನು ಉಜ್ಜಿ ಕೂರಿಸಿದೆ. ಎರಡು ಭಾನುವಾರ ಕಳೆದವು, ಹೊಗೆ ಮಾತ್ರ ಹಾಗೆಯೇ ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು!

"ಅಪ್ಪಾ, ರೋಗ ಎಲ್ಲಿದೆ ಅಂತ ಮೊದಲು ನೋಡಿದ್ಯಾ?" ಎಂದು ಕೇಳಿದಳು ಕಾಲೇಜಿಗೆ ಹೋಗುವ ಮಗಳು. ನೋಡಿರಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಆ ರಂಧ್ರಕ್ಕೆ ಮಾಪಕ ಹಚ್ಚಿ, ಪ್ರತಿ ಸಿಲಿಂಡರಿನ ಒತ್ತಡ ಅಳೆದೆವು. ಬಳಿಕ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದೆವು. ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗು ಅಥವಾ ಸಿಲಿಂಡರಿನ ಗೋಡೆ. ಏರದಿದ್ದರೆ ವಾಲ್ವಿನ ಕಡೆ ನೋಡಬೇಕು. ನಮ್ಮಲ್ಲಿ ಒತ್ತಡ ಚೆನ್ನಾಗಿಯೇ ಏರಿತು.

ಬಾಡಿಗೆಯ ಚೈನ್ ಪುಲ್ಲಿಯಿಂದ ಎಂಜಿನ್ನನ್ನು ಹೊರತೆಗೆದೆವು. ನೆನಪಿಡಿ, ತೂಗುವ ಎಂಜಿನ್ನಿನ ಕೆಳಗೆ ಕೈಯನ್ನೂ ಇಡಬಾರದು. ಯಾವ ಬೇರಿಂಗ್ ಕ್ಯಾಪ್ ಯಾವ ರಾಡಿನದೆಂದು ಮಗಳು ಗುರುತು ಹಾಕಿದಳು. ಅವು ಅದಲುಬದಲಾದರೆ ಎಂಜಿನ್ ಕೆಟ್ಟಂತೆಯೇ. ಸಿಲಿಂಡರುಗಳು ಮೇಲ್ತುದಿಯಲ್ಲೇ ಹೆಚ್ಚು ಸವೆದಿದ್ದವು. ಬಿಸಿ ಹೆಚ್ಚು, ಆಯಿಲ್ ಕಡಿಮೆ ಇರುವ ಜಾಗವದು.

ಬೋರಿಂಗ್ ಮನೆಯಲ್ಲಿ ಆಗುವ ಕೆಲಸವಲ್ಲ. ಲೇತ್ ಅಂಗಡಿಗೆ ಕೊಟ್ಟೆವು. ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ನುಗಳಿಗಾಗಿ ಮಲ್ಲಿಕ್ ಬಜಾರಿನ ಓಣಿಗಳನ್ನು ಸುತ್ತಿದೆವು. ಮಗಳ ಬಂಗಾಳಿ ಚೌಕಾಸಿಯ ಮುಂದೆ ನನ್ನದೇನೂ ನಡೆಯಲಿಲ್ಲ. ಮರುಜೋಡಣೆ ಮಾತ್ರ ಮನೆಯಲ್ಲೇ: ಪ್ರತಿ ಭಾಗವನ್ನೂ ತೊಳೆದು, ಆಯಿಲ್ ಸವರಿ, ರಿಂಗುಗಳ ಸೀಳುಗಳು ಒಂದರ ಕೆಳಗೊಂದು ಬರದಂತೆ ತಿರುಗಿಸಿ ಕೂರಿಸಿದೆವು.

ಚಾಲೂ ಮಾಡಿದಾಗ ಮೊದಲ ಸಲ ಕೆಮ್ಮಿತು, ಎರಡನೆಯ ಸಲ ಹಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಹೊಗೆಯೂ ಅಡಗಿತು. ಮೊದಲ 800 ಕಿಲೋಮೀಟರ್ ಅವಸರಪಡದೆ ಓಡಿಸಿದೆವು. ತಪಾಸಣೆಯಲ್ಲಿ ಕಾರು ಪಾಸಾಯಿತು. ಅಂದು ಸಂಜೆ ತಂದೆಯವರು ಹಿಂದಿನ ಸೀಟಿನಲ್ಲಿ ಕುಳಿತು, "ನಡಿ ಮಗಳೇ, ಗಂಗೆಯ ಕಡೆ ಹೋಗೋಣ" ಎಂದು ಮೊಮ್ಮಗಳಿಗೆ ಹೇಳಿದರು. ನನಗೆ ಸ್ಟಿಯರಿಂಗ್ ಸಿಗಲಿಲ್ಲ!

ನಿಮ್ಮ ಮನೆಯಲ್ಲೂ ಹಳೆಯ ಯಂತ್ರವಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಅಳೆದು ನೋಡಿ. ಕೈ ಕೊಳೆಯಾದರೆ ತೊಳೆಯಲು ಸಾಬೂನಿದೆ.