ಸೆರೆಮನೆಯೂ ಕವಿವಾಣಿಯೂ

ಕವಿಯನ್ನು ಸೆರೆಯಲ್ಲಿಟ್ಟ ಮಾತ್ರಕ್ಕೆ ಆತನ ವಾಣಿಯು ಅಡಗುವುದೆಂದು ಎಣಿಸುವ ಅಧಿಕಾರಿವರ್ಗಕ್ಕೆ ವಂಗದೇಶದ ಕಾಜಿ ನಜ್ರುಲ್ ಇಸ್ಲಾಂ ಅವರ ಚರಿತ್ರೆಯು ತಕ್ಕ ಉತ್ತರವಾಗಿರುವುದು. 1922ರ ಸೆಪ್ಟೆಂಬರಿನಲ್ಲಿ, ತಾವೇ ಸಂಪಾದಿಸುತ್ತಿದ್ದ ‘ಧೂಮಕೇತು’ ಪತ್ರಿಕೆಯಲ್ಲಿ, ದುರ್ಗಾದೇವಿಯ ಆಗಮನವನ್ನು ನೆಪಮಾಡಿಕೊಂಡು ಪರರ ಆಳ್ವಿಕೆಯನ್ನು ಖಂಡಿಸಿದ ಕವಿತೆಯೊಂದನ್ನು ಅವರು ಪ್ರಕಟಿಸಿದರು. ನವೆಂಬರಿನಲ್ಲಿ ಅವರ ಬಂಧನವಾಯಿತು. 1923ರ ಜನವರಿಯಲ್ಲಿ, ದಂಡಸಂಹಿತೆಯ 124-ಎ ವಿಧಿಯ ಮೇರೆಗೆ, ರಾಜದ್ರೋಹಕ್ಕಾಗಿ ಒಂದು ವರ್ಷದ ಕಠಿಣ ಸಜೆಯಾಯಿತು. ಆಗ ಅವರಿಗೆ 23 ವರ್ಷ ವಯಸ್ಸು.

ನ್ಯಾಯಾಸನದ ಮುಂದೆ ಅವರು ಕ್ಷಮೆ ಬೇಡಲಿಲ್ಲ. ಸತ್ಯವನ್ನು ನುಡಿಯುವುದು ಭಗವಂತನು ತಮಗೆ ವಹಿಸಿದ ಕಾರ್ಯವೆಂದು ಲಿಖಿತವಾಗಿ ಅರಿಕೆಮಾಡಿದರು. ಅದೇ ವರ್ಷದಲ್ಲಿ ರವೀಂದ್ರನಾಥ ಠಾಕೂರರು ತಮ್ಮ ‘ವಸಂತ’ ನಾಟಕವನ್ನು ಈ ಬಂದಿಗೆ ಅರ್ಪಿಸಿದರು. ಸರ್ಕಾರದವರು ಅಪರಾಧಿಯೆಂದು ಕರೆದವನನ್ನು ಕವಿಕುಲಗುರುವು ಕವಿಯೆಂದು ಮನ್ನಿಸಿದಂತಾಯಿತು.

ಹೂಗ್ಲಿಯ ಸೆರೆಮನೆಯಲ್ಲಿ ರಾಜಕೀಯ ಬಂದಿಗಳಿಗಾಗುತ್ತಿದ್ದ ಹಿಂಸೆಯನ್ನು ಪ್ರತಿಭಟಿಸಿ ನಜ್ರುಲರು ತಿಂಗಳಿಗೂ ಮೀರಿ ಉಪವಾಸವಿದ್ದರು. ಸಾಹಿತ್ಯಕ್ಕೆ ಅವರು ಬೇಕಾಗಿರುವರು, ಉಪವಾಸವನ್ನು ಬಿಡಬೇಕೆಂದು ಠಾಕೂರರು ತಂತಿ ಕಳುಹಿಸಿದರು. ಅದು ಪ್ರೆಸಿಡೆನ್ಸಿ ಸೆರೆಮನೆಗೆ ಹೋಗಿ, ವಿಳಾಸದಾರರು ಇಲ್ಲವೆಂಬ ಷರಾದೊಡನೆ ಹಿಂದಿರುಗಿತು. ಹೂಗ್ಲಿಯಲ್ಲಿಯೇ ಕಾಲ ಸಂಕೋಲೆಯು ಹಾಡಿನ ವಸ್ತುವಾಯಿತು. ಕಾಗದವನ್ನು ಕಸಿಯಬಹುದು, ಸಹಬಂದಿಗಳ ಕಂಠದಲ್ಲಿ ನೆಲೆಸಿದ ಹಾಡನ್ನು ಯಾವ ಜೈಲರನು ಜಪ್ತಿಮಾಡಬಲ್ಲನು?

ಇಂದು ನಾವು ನಜ್ರುಲರನ್ನು ಕೊಂಡಾಡುತ್ತೇವೆ. ಅದು ಸುಲಭ, ಅವರನ್ನು ಬಂಧಿಸಿದ ಸರ್ಕಾರವು ಅಳಿದುಹೋಗಿದೆ. ಆದರೆ ಅವರನ್ನು ಬಂಧಿಸಿದ ವಿಧಿಯು ಸ್ವರಾಜ್ಯದಲ್ಲಿಯೂ ಬಹುಕಾಲ ಬಾಳಿತು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹವೆಂಬ ಹೆಸರಿಲ್ಲ. ಆದರೆ ದೇಶದ ಐಕ್ಯಕ್ಕೆ ಅಪಾಯ ತರುವ ನುಡಿ ಬರಹಗಳನ್ನೂ ದಂಡಿಸುವ 152ನೆಯ ವಿಧಿಯಿದೆ.

ದೇಶದ ಐಕ್ಯವು ನಮಗೆ ಪ್ರಾಣಪ್ರಾಯವಾದುದು. ಅದನ್ನು ಕಾಯುವ ಕಾನೂನು ಬೇಡವೆಂದು ನಾವು ಹೇಳೆವು. ಆದರೆ ಅಧಿಕಾರಸ್ಥರ ಮೇಲಣ ಕೋಪವು ಬೇರೆ, ದೇಶದ ಮೇಲಣ ದ್ರೋಹವು ಬೇರೆ. ಈ ಭೇದವನ್ನು ಪರಕೀಯರು ಅರಿಯದೆ ಹೋದರು. ಆರೋಪಪತ್ರಕ್ಕೆ ರುಜು ಹಾಕುವ ನಮ್ಮ ಅಧಿಕಾರಿಗಳೂ, ಅದನ್ನು ಓದಿ ಸುಮ್ಮನಿರುವ ನಾವೂ ಅರಿಯದೆ ಹೋದರೆ, ನಜ್ರುಲರ ಜಯಂತಿಯನ್ನು ಆಚರಿಸುವ ಅರ್ಹತೆಯು ನಮಗೆಲ್ಲಿಯದು?